ಖಿನ್ನತೆಗೆ ಭಜನೆಯ ಆಸರೆ, ಮದ್ದಿನ ಜೊತೆ

ಪ್ರಾರ್ಥನೆ, ಜಪ, ಭಜನೆ, ನಮಾಜು, ಲಿಂಗಪೂಜೆಗಳು ಕುಗ್ಗಿದ ಮನಸ್ಸಿಗೆ ಸಮಾಧಾನ ಕೊಡುತ್ತವೆ ಎಂಬುದು ಜನರ ಹಳೆಯ ಅನುಭವ. ಕಳೆದ ಕೆಲವು ದಶಕಗಳಲ್ಲಿ ಮನೋವೈದ್ಯರು ಈ ಅನುಭವವನ್ನು ಅಳೆದು ನೋಡಿದ್ದಾರೆ. ಅವರಿಗೆ ಸಿಕ್ಕ ಉತ್ತರದಲ್ಲಿ ಭಕ್ತರಿಗೂ ವೈದ್ಯರಿಗೂ ಕಲಿಯುವುದಿದೆ. ಪ್ರಾರ್ಥನೆ ನಿಜವಾಗಿಯೂ ನೆರವಾಗುತ್ತದೆ. ಅದು ಎಷ್ಟು ನೆರವಾಗುತ್ತದೆ ಎಂಬುದು ಕಾಯಿಲೆ ಎಷ್ಟು ಬಲಿತಿದೆ, ಪ್ರಾರ್ಥಿಸುವವರ ಮನಸ್ಸಿನಲ್ಲಿ ದೇವರು ಯಾವ ರೂಪದಲ್ಲಿದ್ದಾನೆ, ಸುತ್ತಲಿನ ಜನ ಅವರೊಡನೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಅವಲಂಬಿಸಿದೆ.

ಈ ವಿಷಯವನ್ನು ವಿಚಾರಿಸಲು ಹಾವೇರಿ ಜಿಲ್ಲೆಯ ಮಾಸೂರು ಸೀಮೆ ತಕ್ಕ ಜಾಗ. ಕುಮುದ್ವತಿ ನದಿ ಹರಿಯುವ, ಮದಗದ ಕೆರೆಯಿಂದ ಹೆಸರಾದ ಈ ಊರು ಬಹುಕಾಲ ಹಿರೇಕೆರೂರು ತಾಲ್ಲೂಕಿನಲ್ಲಿತ್ತು. ಈಗ ರಟ್ಟೀಹಳ್ಳಿ ತಾಲ್ಲೂಕಿಗೆ ಸೇರಿದೆ. ತ್ರಿಪದಿಗಳ ಕವಿ ಸರ್ವಜ್ಞನ ತಂದೆ ಮಾಸೂರಿನವನು, ತಾಯಿ ಅಂಬಲೂರಿನವಳು ಎಂದು ಜನ ನಂಬಿಕೊಂಡು ಬಂದಿದ್ದಾರೆ. ಹತ್ತಿರದ ಅಬ್ಬಲೂರು ಶಿವಶರಣ ಏಕಾಂತದ ರಾಮಯ್ಯನ ನೆನಪು ಹೊತ್ತ ಊರು. ಶಿಗ್ಗಾಂವಿ ತಾಲ್ಲೂಕಿನ ಬಾಡ ಕನಕದಾಸರು ಹುಟ್ಟಿದ ಊರು; ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಅವರ ಆರಾಧ್ಯದೈವ ಆದಿಕೇಶವನ ನೆಲೆ. ಶಿಗ್ಗಾಂವಿ ತಾಲ್ಲೂಕಿನದೇ ಶಿಶುವಿನಹಾಳ ಸಂತ ಶರೀಫರ ಊರು. ಸವಣೂರಿನಲ್ಲಿ ಉತ್ತರಾದಿ ಮಠದ ಸತ್ಯಬೋಧ ತೀರ್ಥರ ಬೃಂದಾವನವಿದೆ. ಹಾನಗಲ್ಲು ಕುಮಾರ ಸ್ವಾಮಿಗಳ ಹೆಸರಿನೊಡನೆ ಬೆಸೆದ ಊರು. ಹುಲಗೂರಿನ ದರ್ಗಾಕ್ಕೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಒಂದು ದಿನದ ಪ್ರಯಾಣದೊಳಗೆ ಇಷ್ಟೊಂದು ಭಕ್ತಿಪರಂಪರೆಗಳು ಕೂಡುವ ಈ ಸೀಮೆಯಲ್ಲಿ ಮನಸ್ಸು ಸೋತವರು ಮೊದಲು ದೇವರ ಕಡೆಗೆ ಮುಖ ಮಾಡಿದರೆ ಅದರಲ್ಲಿ ಅಚ್ಚರಿಯಿಲ್ಲ.

ಮೊದಲು ಕಾಯಿಲೆಯ ಸ್ವರೂಪ ತಿಳಿಯಬೇಕು. ಬೆಳೆ ಹೋದಾಗ, ಹತ್ತಿರದವರು ತೀರಿಕೊಂಡಾಗ, ಮಗಳ ಮದುವೆ ಮುರಿದಾಗ ದುಃಖವಾಗುವುದು ಸಹಜ, ಅದು ರೋಗವಲ್ಲ. ಆ ದುಃಖ ದಿನ ಕಳೆದಂತೆ ಕರಗುತ್ತದೆ, ನಡುನಡುವೆ ನಗುವೂ ಬರುತ್ತದೆ. ಖಿನ್ನತೆಯಲ್ಲಿ ಹೀಗಾಗುವುದಿಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಹೊತ್ತು ಮನಸ್ಸು ಮಂಕಾಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಇದರ ಮುಖ್ಯ ಗುರುತು. ಇದರೊಂದಿಗೆ ನಿದ್ದೆ ಕೆಡುತ್ತದೆ. ಬೆಳಗಿನ ಜಾವ ಮೂರು ನಾಲ್ಕು ಗಂಟೆಗೇ ಎಚ್ಚರವಾಗಿ ಮತ್ತೆ ಕಣ್ಣು ಹತ್ತುವುದಿಲ್ಲ. ಹಸಿವು ಹೋಗುತ್ತದೆ, ಮೈಯಲ್ಲಿ ಬಲವಿರುವುದಿಲ್ಲ, ಮಾತು ಮತ್ತು ನಡಿಗೆ ನಿಧಾನವಾಗುತ್ತವೆ, ಲಕ್ಷ್ಯ ನಿಲ್ಲುವುದಿಲ್ಲ. ತಾನು ಯಾತಕ್ಕೂ ಬಾರದವನು, ಮನೆಯವರಿಗೆ ಹೊರೆ, ಏನೋ ಪಾಪ ಮಾಡಿದ್ದೇನೆ ಎಂಬ ಯೋಚನೆ ಕಾಡುತ್ತದೆ. ಬಲಿತಾಗ ಸಾಯುವ ಯೋಚನೆ ಬರುತ್ತದೆ.

ಹಳ್ಳಿಗಳಲ್ಲಿ ಈ ಕಾಯಿಲೆ ತನ್ನ ಹೆಸರು ಹೇಳಿಕೊಂಡು ಬರುವುದು ಕಡಿಮೆ. ಮನಸ್ಸು ಸರಿಯಿಲ್ಲ ಎಂದು ಹೇಳುವುದರ ಬದಲು ರೋಗಿ ಎದೆ ಭಾರ, ತಲೆನೋವು, ಕೈಕಾಲು ಸೆಳೆತ, ಹೊಟ್ಟೆ ಉರಿ, ಸುಸ್ತು ಎಂದು ಹೇಳಿಕೊಳ್ಳುತ್ತಾರೆ. ಶಕ್ತಿಯ ಸೂಜಿ, ಸಲೈನು, ಸ್ಕ್ಯಾನಿಂಗ್ ಎಂದು ಹಣ ಹೋಗುತ್ತದೆ. ವರದಿಗಳೆಲ್ಲ ಸರಿಯಾಗಿಯೇ ಬರುತ್ತವೆ. ಹೆಣ್ಣುಮಕ್ಕಳಲ್ಲಿ ಇದು ಇನ್ನಷ್ಟು ಮರೆಯಾಗಿರುತ್ತದೆ. ಹೆರಿಗೆಯಾದ ಕೆಲವು ವಾರಗಳಲ್ಲಿ ತಾಯಿಗೆ ಬರುವ ಖಿನ್ನತೆಯನ್ನು ಬಾಣಂತಿಯ ನಿತ್ರಾಣ ಎಂದು ಬಿಟ್ಟುಬಿಡುವವರೇ ಹೆಚ್ಚು. ಅದು ತೀವ್ರವಾಗಿ, ಮಾತು ಮತ್ತು ನಡವಳಿಕೆ ಪೂರ್ತಿ ಬದಲಾದ ಮೇಲೆಯೇ ಬಾಣಂತಿ ಸನ್ನಿ ಎಂಬ ಹೆಸರು ಬರುತ್ತದೆ, ಓಡಾಟ ಶುರುವಾಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ಸುಮಾರು ಇಪ್ಪತ್ತು ಜನರಿಗೆ ಒಬ್ಬರಂತೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿದ್ದುದು ಅದರಿಂದ ತಿಳಿಯಿತು. ಖಿನ್ನತೆ ಇದ್ದವರಲ್ಲಿ ನೂರಕ್ಕೆ ಸುಮಾರು 85 ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಆ 85 ಜನ ಸುಮ್ಮನೆ ಕೂತಿದ್ದರು ಎಂದು ಭಾವಿಸುವಂತಿಲ್ಲ. ಗುಡಿ, ಮಠ, ದರ್ಗಾ, ಚರ್ಚು, ಹರಕೆ, ತಾಯತ ಎಂದು ತಮಗೆ ತಿಳಿದ ಕಡೆ ಅನೇಕರು ಆಸರೆ ಹುಡುಕಿಕೊಂಡಿರುತ್ತಾರೆ. ದೇವರ ಬಾಗಿಲಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ತಿಳಿಯುವುದು ಈ ಕಾರಣಕ್ಕೆ ಮುಖ್ಯ.

ಖಿನ್ನತೆಗೆ ಒಂದೇ ಕಾರಣವಿರುವುದಿಲ್ಲ. ವಂಶದಿಂದ ಬಂದ ಒಲವು, ಮಿದುಳಿನ ರಾಸಾಯನಿಕಗಳಲ್ಲಿ ಮತ್ತು ನರಜಾಲದಲ್ಲಿ ಆಗುವ ಬದಲಾವಣೆ, ಬಾಲ್ಯದ ನೋವು, ಸಾಲ, ಕುಡುಕ ಗಂಡ, ಒಂಟಿತನ, ದೀರ್ಘಕಾಲದ ಕಾಯಿಲೆ ಇವು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿದರೆ, ರಕ್ತ ಕಡಿಮೆಯಾದರೆ, ಬಿ12 ಜೀವಸತ್ವದ ಕೊರತೆಯಾದರೆ ಖಿನ್ನತೆಯಂಥದೇ ಲಕ್ಷಣಗಳು ಕಾಣಿಸಬಹುದು. ಗೋವಿನಜೋಳ, ಹತ್ತಿ ಬೆಳೆಯುವ ಈ ಸೀಮೆಯ ಒಕ್ಕಲುತನದಲ್ಲಿ ಮಳೆಯೂ ದರವೂ ಕೈಕೊಟ್ಟ ವರ್ಷ ಸಾಲದ ಚಿಂತೆ ಎಷ್ಟೋ ಮನೆಗಳ ನಿದ್ದೆ ಕೆಡಿಸುತ್ತದೆ. ಇಂಥ ಕಾಯಿಲೆಯನ್ನು ಭಕ್ತಿ ಕಡಿಮೆಯಾದದ್ದರ ಫಲ ಎನ್ನುವುದು ತಪ್ಪು, ಅನ್ಯಾಯ ಕೂಡ. ದಿನಕ್ಕೆ ಮೂರು ಹೊತ್ತು ಪೂಜೆ ಮಾಡುವವರಿಗೂ ಸಕ್ಕರೆ ಕಾಯಿಲೆ ಬರುತ್ತದೆ, ಖಿನ್ನತೆಯೂ ಬರುತ್ತದೆ.

ಈ ಸೀಮೆಯ ಸಂತರು ದುಃಖವನ್ನು ದೂರದಿಂದ ನೋಡಿ ಹಾಡಿದವರಲ್ಲ. ಕನಕದಾಸರು ದಂಡನಾಯಕರಾಗಿದ್ದು, ಯುದ್ಧದಲ್ಲಿ ಸೋತು ಸಾವಿನ ಅಂಚಿಗೆ ಹೋಗಿ ಬಂದ ಮೇಲೆ ಹರಿಯ ಕಡೆಗೆ ತಿರುಗಿದರೆಂದು ಪರಂಪರೆ ಹೇಳುತ್ತದೆ. ಅಧಿಕಾರವೂ ದಂಡೂ ಕೈಬಿಟ್ಟ ಮನುಷ್ಯ ಮತ್ತೆ ಬದುಕಲು ಹಿಡಿದ ದಾರಿ ಭಕ್ತಿಯದು ಎಂಬುದನ್ನು ಈ ಕಥೆ ಶತಮಾನಗಳಿಂದ ಜನರ ಮನಸ್ಸಿನಲ್ಲಿ ಇಟ್ಟಿದೆ. 1819ರಿಂದ 1889ರವರೆಗೆ ಬದುಕಿದ ಶಿಶುನಾಳ ಶರೀಫರು ಕಿರಿಯ ವಯಸ್ಸಿನಲ್ಲೇ ಹೆಂಡತಿಯನ್ನು ಕಳೆದುಕೊಂಡರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಮುಸ್ಲಿಂ ಮನೆಯಲ್ಲಿ ಹುಟ್ಟಿ, ಬ್ರಾಹ್ಮಣ ಗುರು ಗೋವಿಂದಭಟ್ಟರ ಶಿಷ್ಯರಾಗಿ, ಎರಡೂ ಕಡೆಯ ಮಡಿವಂತರ ಸಿಟ್ಟು ಎದುರಿಸಿದ ಅವರು ಹಾಡಿದ ತತ್ವಪದಗಳಲ್ಲಿ ಸಾವು, ಬಡತನ, ಮನೆಯ ಸೋರಿಕೆ, ಸಂಸಾರದ ಜಂಜಾಟ ಎಲ್ಲವೂ ಇವೆ. ಸರ್ವಜ್ಞನ ತ್ರಿಪದಿಗಳು ಬಾಯಿಂದ ಬಾಯಿಗೆ ಹರಿದು ಉಳಿದವು. ಅವನ್ನು ಊರೂರು ತಿರುಗಿ ಕೂಡಿಸಿ 1924ರಲ್ಲಿ ಪ್ರಕಟಿಸಿದವರು ಕ್ರೈಸ್ತ ಪಾದ್ರಿಯಾಗಿದ್ದ ಉತ್ತಂಗಿ ಚನ್ನಪ್ಪನವರು. ನೊಂದವರಿಗೆ ಸಮಾಧಾನದ ಮಾತು ಈ ಸೀಮೆಯಲ್ಲಿ ಯಾವ ಒಂದು ಜಾತಿಯ, ಮತದ ಸೊತ್ತಾಗಿಯೂ ಉಳಿದಿಲ್ಲ.

ಆ ಸಮಾಧಾನ ಕೆಲಸ ಮಾಡುವ ಬಗೆಯನ್ನು ನೋಡಲು ಊರ ಭಜನಾ ಮೇಳವೇ ಒಳ್ಳೆಯ ಉದಾಹರಣೆ. ಸೋಮವಾರವೋ ಶನಿವಾರವೋ, ಅಮಾವಾಸ್ಯೆಯೋ, ಶ್ರಾವಣದ ಸಂಜೆಯೋ ಜನ ಗುಡಿಯ ಕಟ್ಟೆಯ ಮೇಲೆ ಕೂಡುತ್ತಾರೆ. ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳ ಇರುತ್ತವೆ. ಒಬ್ಬರು ಪದ ಎತ್ತಿಕೊಡುತ್ತಾರೆ, ಉಳಿದವರು ಹಿಂದೆ ಹೇಳುತ್ತಾರೆ. ನೋಡುವುದಕ್ಕೆ ಸರಳವಾದ ಈ ಕೂಟದಲ್ಲಿ ಖಿನ್ನತೆಯ ಹಲವು ಬೇರುಗಳಿಗೆ ಒಟ್ಟಿಗೇ ಪೆಟ್ಟು ಬೀಳುತ್ತದೆ.

ಖಿನ್ನತೆ ಮನುಷ್ಯನನ್ನು ಒಳಮನೆಯಲ್ಲಿ ಕೂರಿಸುತ್ತದೆ. ಹೊರಗೆ ಹೋಗದಿದ್ದಷ್ಟೂ ಸುಖದ ಚಿಕ್ಕ ಅನುಭವಗಳೂ ತಪ್ಪಿ ಖಿನ್ನತೆ ಹೆಚ್ಚುತ್ತದೆ, ಹೆಚ್ಚಿದಷ್ಟೂ ಹೊರಗೆ ಹೋಗುವ ಮನಸ್ಸಾಗುವುದಿಲ್ಲ. ಮನಸ್ಸು ಬರುವವರೆಗೆ ಕಾಯದೆ, ದಿನಕ್ಕೆ ಗೊತ್ತುಮಾಡಿದ ಚಿಕ್ಕ ಕೆಲಸಗಳನ್ನು ಮಾಡಿಸುತ್ತ ಈ ಸುತ್ತನ್ನು ಮುರಿಯುವುದು ಮನಃಶಾಸ್ತ್ರಜ್ಞರು ಬಳಸುವ ಒಂದು ಮುಖ್ಯ ಚಿಕಿತ್ಸಾ ಕ್ರಮ. ಭಜನೆಗೆ ಹೊರಡುವವರು ಸ್ನಾನ ಮಾಡಬೇಕು, ಬಟ್ಟೆ ಬದಲಿಸಬೇಕು, ನಾಲ್ಕು ಹೆಜ್ಜೆ ನಡೆಯಬೇಕು, ಎದುರಾದವರಿಗೆ ನಮಸ್ಕಾರ ಹೇಳಬೇಕು. ಅಲ್ಲಿ ಅವರನ್ನು ಯಾಕೆ ಹೀಗಿದ್ದೀರಿ ಎಂದು ಯಾರೂ ವಿಚಾರಣೆ ಮಾಡುವುದಿಲ್ಲ. ತಾಳ ಹಾಕುತ್ತ ಕೂತರೂ ಸಾಕು. ಮಾತಾಡಲಾರದವರಿಗೂ ಜನರ ನಡುವೆ ಜಾಗ ಕೊಡುವ ಇಂಥ ಕೂಟಗಳು ಹಳ್ಳಿಗಳಲ್ಲಿ ಬೇರೆ ಹೆಚ್ಚಿಲ್ಲ.

ಎರಡನೆಯದು ಉಸಿರು. ಪದದ ಒಂದು ಸಾಲು ಹಾಡಿ ಮುಗಿಸಲು ಉಸಿರನ್ನು ಉದ್ದಕ್ಕೆ ಬಿಡಬೇಕಾಗುತ್ತದೆ. ಇಟಲಿಯ ಲೂಚಿಯಾನೊ ಬೆರ್ನಾರ್ದಿ ಮತ್ತು ಸಂಗಡಿಗರು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 23 ಜನ ಆರೋಗ್ಯವಂತರು ಲ್ಯಾಟಿನ್ ಜಪಮಾಲೆ ಪ್ರಾರ್ಥನೆಯನ್ನೂ ಬೌದ್ಧ ಮಂತ್ರವನ್ನೂ ಉಚ್ಚರಿಸಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರು ಸಲಕ್ಕೆ ಇಳಿಯಿತು. ಹೃದಯದ ಬಡಿತವೂ ರಕ್ತದೊತ್ತಡವೂ ಒಂದು ಲಯಕ್ಕೆ ಬಂದವು. ಸಾಮಾನ್ಯವಾಗಿ ನಾವು ಉಸಿರಾಡುವುದು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ. ನಿಧಾನದ ಉಸಿರು ಮೈಯನ್ನು ಶಾಂತಗೊಳಿಸುವ ನರವ್ಯವಸ್ಥೆಗೆ ಚಾಲನೆ ಕೊಡುತ್ತದೆ. ನಿಮ್ಹಾನ್ಸ್‌ನಲ್ಲಿ ಓಂಕಾರದ ಉಚ್ಚಾರವನ್ನು ಮಿದುಳಿನ ಸ್ಕ್ಯಾನಿಂಗ್ ಮೂಲಕ ಪರಿಶೀಲಿಸಿದಾಗ, ಭಾವನೆಗಳಿಗೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗಿದ್ದು ಕಂಡಿತು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿದ್ದವರೂ ಕೆಲವೇ ಆರೋಗ್ಯವಂತರು. ಇವುಗಳಿಂದ ಖಿನ್ನತೆ ವಾಸಿಯಾಗುತ್ತದೆ ಎಂದು ಹೇಳಲಾಗದು. ಜಪ ಮುಗಿಸಿ ಏಳುವವರಿಗೆ ಮೈ ಹಗುರಾದಂತೆ ಅನಿಸುವುದು ಬರೀ ಭ್ರಮೆಯಲ್ಲ ಎಂಬುದನ್ನಂತೂ ತಿಳಿಯಬಹುದು.

ಎಲ್ಲಕ್ಕಿಂತ ದೊಡ್ಡದು ಮಾತು. ಖಿನ್ನತೆಯಲ್ಲಿ ಮನಸ್ಸು ಒಂದೇ ಯೋಚನೆಯನ್ನು ಗಾಣದ ಎತ್ತಿನಂತೆ ಸುತ್ತುತ್ತದೆ, ಅದನ್ನು ಹೊರಹಾಕಲು ಮಾತು ಸಿಗುವುದಿಲ್ಲ. ಗಂಡಸರಿಗೆ ಅಳುವುದಕ್ಕೆ ಅವಕಾಶವಿಲ್ಲ, ಸೊಸೆಯಾದವಳಿಗೆ ಹೇಳಿಕೊಳ್ಳಲು ಜನವಿಲ್ಲ. ದಾಸರ ಪದಗಳೂ ಶರಣರ ವಚನಗಳೂ ತತ್ವಪದಗಳೂ ಈ ಜಾಗದಲ್ಲಿ ಬಂದು ನಿಲ್ಲುತ್ತವೆ. ಅವುಗಳಲ್ಲಿ ದೇವರೊಡನೆ ಜಗಳವಿದೆ, ದೂರಿದೆ, ಸೋಲಿನ ಒಪ್ಪಿಗೆಯಿದೆ, ತನ್ನ ಮನಸ್ಸೇ ತನ್ನ ಮಾತು ಕೇಳುತ್ತಿಲ್ಲ ಎಂಬ ಗೋಳಿದೆ. ಅದನ್ನು ಹತ್ತು ಜನರ ದನಿಯೊಡನೆ ಹಾಡುವಾಗ ಕಣ್ಣಲ್ಲಿ ನೀರು ಬಂದರೆ ಅದು ಭಕ್ತಿಯ ಕಣ್ಣೀರು, ಯಾರೂ ಹಂಗಿಸುವುದಿಲ್ಲ. ತನಗೆ ಬಂದದ್ದು ದೊಡ್ಡ ದೊಡ್ಡ ಸಂತರಿಗೂ ಬಂದಿತ್ತು ಎಂದು ತಿಳಿದಾಗ ನಾಚಿಕೆಯ ಕಟ್ಟು ಸಡಿಲುತ್ತದೆ. ತನ್ನ ಕೈಮೀರಿದ್ದನ್ನು ಒಪ್ಪಿಸಿಬಿಡುವ ಶರಣಾಗತಿಯಲ್ಲೂ ಬಿಡುಗಡೆಯಿದೆ. ಆದದ್ದಕ್ಕೆಲ್ಲ ತಾನೇ ಹೊಣೆ ಎಂದು ಕೊರಗುವವರಿಗೆ ಆ ಹೊಣೆಯನ್ನು ಇಳಿಸಿ ಇಡಲು ಒಂದು ಜಾಗ ಸಿಕ್ಕಂತಾಗುತ್ತದೆ.

ಒಬ್ಬೊಬ್ಬರೇ ಮಾಡುವ ಆಚರಣೆಗಳ ಗುಣ ಬೇರೆ. ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ದೃಷ್ಟಿ ನೆಡುವ ಲಿಂಗಪೂಜೆಗೆ ಗುಡಿ ಬೇಡ, ಪೂಜಾರಿ ಬೇಡ. ಅಲೆದಾಡುವ ಲಕ್ಷ್ಯವನ್ನು ಮತ್ತೆ ಮತ್ತೆ ಒಂದೆಡೆಗೆ ತರುವ ಅಭ್ಯಾಸ ಅದರಲ್ಲಿದೆ. ಐದು ಹೊತ್ತಿನ ನಮಾಜು ದಿನಕ್ಕೆ ಒಂದು ಚೌಕಟ್ಟು ಹಾಕಿಕೊಡುತ್ತದೆ, ಮೈಯನ್ನೂ ಬಗ್ಗಿಸುತ್ತದೆ. ಹೊತ್ತು ಹೊತ್ತಿಗೆ ಏಳುವುದು, ಮುಖ ತೊಳೆಯುವುದು, ಕೂರುವುದು ಎಂಬ ಕ್ರಮವೇ ಕೆಟ್ಟ ನಿದ್ದೆಯನ್ನು ದಾರಿಗೆ ತರಲು ಅರ್ಧ ಸಹಾಯ ಮಾಡುತ್ತದೆ. ಧ್ಯಾನದ ವಿಷಯದಲ್ಲಿ ಎಚ್ಚರ ಬೇಕು. ಬ್ರಿಟನ್ನಿನ ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಮತ್ತು ಕೆನಡಾದ ಜಿಂಡೆಲ್ ಸೀಗಲ್ ಬೌದ್ಧ ಧ್ಯಾನದ ಅಂಶಗಳನ್ನು ಸೇರಿಸಿ ರೂಪಿಸಿದ ಚಿಕಿತ್ಸೆ ಮುಖ್ಯವಾಗಿ ಉದ್ದೇಶಿಸಿದ್ದು, ಹಲವು ಸಲ ಖಿನ್ನತೆ ಬಂದು ವಾಸಿಯಾದವರಿಗೆ ಅದು ಮರಳದಂತೆ ತಡೆಯುವುದನ್ನು. ತೀವ್ರ ಖಿನ್ನತೆಯ ನಡುವೆ ಕಣ್ಣು ಮುಚ್ಚಿ ಒಂಟಿಯಾಗಿ ಗಂಟೆಗಟ್ಟಲೆ ಕೂತರೆ ಕೆಲವರಿಗೆ ಕರಾಳ ಯೋಚನೆಗಳೇ ಹೆಚ್ಚಾಗಬಹುದು. ಆ ಸ್ಥಿತಿಯಲ್ಲಿ ಮೌನಕ್ಕಿಂತ ಹಾಡು, ಏಕಾಂತಕ್ಕಿಂತ ಕೂಟ ಮೇಲು.

ಅಂಕಿಅಂಶಗಳು ಏನು ಹೇಳುತ್ತವೆ? ಟಿಮೊತಿ ಸ್ಮಿತ್ ಮತ್ತು ಸಂಗಡಿಗರು 2003ರಲ್ಲಿ 147 ಅಧ್ಯಯನಗಳನ್ನು, ಅಂದರೆ ಸುಮಾರು ಒಂದು ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಧಾರ್ಮಿಕ ಮನೋಭಾವ ಹೆಚ್ಚಿದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಸ್ವಲ್ಪ ಕಡಿಮೆ ಇದ್ದವು. ಸಂಬಂಧ ದುರ್ಬಲವಾದರೂ ನಿಜವಾದದ್ದು, ಕಷ್ಟದಲ್ಲಿ ಸಿಲುಕಿದವರಲ್ಲಿ ಅದು ಇನ್ನಷ್ಟು ಗಟ್ಟಿ. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಮಾನಕ್ಕಾಗಿ, ಲಾಭಕ್ಕಾಗಿ ಧರ್ಮ ಹಿಡಿದವರಲ್ಲಿ, ದೇವರು ತನ್ನನ್ನು ಶಿಕ್ಷಿಸುತ್ತಿದ್ದಾನೆ ಅಥವಾ ಕೈಬಿಟ್ಟಿದ್ದಾನೆ ಎಂದುಕೊಂಡವರಲ್ಲಿ ಖಿನ್ನತೆ ಹೆಚ್ಚೇ ಇತ್ತು. ಜೊತೆಗಿರುವ ದೇವರು ಮನಸ್ಸನ್ನು ಎತ್ತುತ್ತಾನೆ, ದಂಡ ಹಿಡಿದ ದೇವರು ಇನ್ನಷ್ಟು ತುಳಿಯುತ್ತಾನೆ. ಪ್ರವಚನ ಹೇಳುವ ಸ್ವಾಮಿಗಳೂ ಮೌಲವಿಗಳೂ ಪಾದ್ರಿಗಳೂ ಈ ವ್ಯತ್ಯಾಸವನ್ನು ತಿಳಿದರೆ ಅವರ ಮಾತಿನಿಂದ ಎಷ್ಟೋ ಜೀವಗಳಿಗೆ ತಂಪಾದೀತು.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹೆರಾಲ್ಡ್ ಕೋನಿಗ್ ಮತ್ತು ಸಂಗಡಿಗರ 2015ರ ಅಧ್ಯಯನ ಇದಕ್ಕೆ ಪೂರಕವಾದದ್ದು. ದೀರ್ಘಕಾಲದ ದೈಹಿಕ ಕಾಯಿಲೆಯೊಂದಿಗೆ ಖಿನ್ನತೆಯೂ ಇದ್ದ 132 ಜನರಲ್ಲಿ ಅರ್ಧದಷ್ಟು ಮಂದಿಗೆ ಎಂದಿನ ಮಾತಿನ ಚಿಕಿತ್ಸೆ ಕೊಡಲಾಯಿತು. ಉಳಿದವರಿಗೆ ಅವರವರ ಧರ್ಮದ ನಂಬಿಕೆ, ಗ್ರಂಥ, ಪ್ರಾರ್ಥನೆಗಳನ್ನು ಸೇರಿಸಿ ಕೊಟ್ಟರು. ಎರಡೂ ಗುಂಪುಗಳಲ್ಲಿ ಸುಧಾರಣೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಬಹಳ ಧಾರ್ಮಿಕರಾದವರಿಗೆ ಎರಡನೆಯದು ತುಸು ಹೆಚ್ಚು ಫಲ ಕೊಟ್ಟಂತೆ ಕಂಡಿತು. ನಂಬಿಕೆಯಿರುವ ರೋಗಿಯ ನಂಬಿಕೆಯನ್ನು ಚಿಕಿತ್ಸೆಯೊಳಗೆ ತಂದರೆ ಚಿಕಿತ್ಸೆ ಕೆಡುವುದಿಲ್ಲ ಎಂಬುದು ಇದರಿಂದ ಸ್ಪಷ್ಟ.

ನಮ್ಮ ರಾಜ್ಯದಲ್ಲೇ ನಡೆದ ಒಂದು ಪರೀಕ್ಷೆ ಇನ್ನೂ ನೇರವಾದದ್ದು. ನಿಮ್ಹಾನ್ಸ್‌ನ ಜಾನಕಿರಾಮಯ್ಯ, ಗಂಗಾಧರ ಮತ್ತಿತರ ವೈದ್ಯರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೀವ್ರ ಖಿನ್ನತೆಯಿಂದ ಆಸ್ಪತ್ರೆ ಸೇರಿದ್ದ 45 ಜನರನ್ನು ಮೂರು ಗುಂಪು ಮಾಡಲಾಯಿತು. ಒಂದಕ್ಕೆ ವಿದ್ಯುತ್ ಚಿಕಿತ್ಸೆ, ಇನ್ನೊಂದಕ್ಕೆ ಇಮಿಪ್ರಮಿನ್ ಮಾತ್ರೆ, ಮೂರನೆಯದಕ್ಕೆ ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸ. ನಾಲ್ಕು ವಾರಗಳ ಕೊನೆಗೆ ವಿದ್ಯುತ್ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 93, ಮಾತ್ರೆ ನುಂಗಿದವರಲ್ಲಿ 73, ಉಸಿರಾಟದ ಕ್ರಿಯೆ ಮಾಡಿದವರಲ್ಲಿ 67 ಮಂದಿಯ ಪ್ರಮಾಣದಲ್ಲಿ ಕಾಯಿಲೆ ಇಳಿಯಿತು. ಕ್ರಿಯೆ ಮಾತ್ರೆಗೆ ಹತ್ತಿರ ನಿಂತಿತು, ವಿದ್ಯುತ್ ಚಿಕಿತ್ಸೆಯ ಸಮಕ್ಕೆ ಬರಲಿಲ್ಲ. ಒಂದೊಂದು ಗುಂಪಿನಲ್ಲಿ ಇದ್ದವರು 15 ಜನ ಮಾತ್ರ, ಅವರು ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರಿಗೆ ಇದ್ದರು ಎಂಬುದನ್ನು ಮರೆಯಬಾರದು. ಮನೆಯಲ್ಲಿ ತಾವೇ ಮಾತ್ರೆ ಬಿಟ್ಟು ಉಸಿರಾಟ ಹಿಡಿಯಲು ಈ ಅಧ್ಯಯನ ಅಪ್ಪಣೆ ಕೊಟ್ಟಿಲ್ಲ.

ಗುಡಿಯಲ್ಲಿ ಉಳಿಯುವುದರ ಪರಿಣಾಮವನ್ನೂ ನಿಮ್ಹಾನ್ಸ್‌ನವರು ನೋಡಿದ್ದಾರೆ. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ವೇಲಾಯುಧಂಪಾಳಯಂಪುದೂರಿನ ಮುತ್ತುಸ್ವಾಮಿ ದೇವಸ್ಥಾನದಲ್ಲಿ ತಂಗಿದ್ದ 31 ಜನರನ್ನು ಪರೀಕ್ಷಿಸಿ 2002ರಲ್ಲಿ ವರದಿ ಬರೆದರು. ಅವರು ಖಿನ್ನತೆಯ ರೋಗಿಗಳಾಗಿರಲಿಲ್ಲ. ಹೆಚ್ಚಿನವರಿಗೆ ಸ್ಕಿಜೋಫ್ರೇನಿಯಾದಂಥ ಇನ್ನೂ ಗಂಭೀರ ಕಾಯಿಲೆಗಳಿದ್ದವು. ಸರಾಸರಿ ಆರು ವಾರ ಅಲ್ಲಿ ಉಳಿದ ಮೇಲೆ ಅವರ ರೋಗಲಕ್ಷಣಗಳು ಸುಮಾರು ಶೇಕಡ 20ರಷ್ಟು ತಗ್ಗಿದ್ದವು. ಅಲ್ಲಿ ಭೂತ ಬಿಡಿಸುವ ಆಟವೇನೂ ಇರಲಿಲ್ಲ. ಬೆಳಗಿನ ಪೂಜೆ, ಗಿಡಗಳಿಗೆ ನೀರು ಹಾಕುವುದು, ಅಂಗಳ ಗುಡಿಸುವುದು, ಜೊತೆಗೆ ಮನೆಯವರೊಬ್ಬರು, ಹೆದರಿಸದ, ಅವಸರಪಡಿಸದ ಜನ. ಉಪಶಮನ ತಂದದ್ದು ಈ ವಾತಾವರಣ ಎಂಬುದು ಸಂಶೋಧಕರ ಅಭಿಪ್ರಾಯ.

ಅದೇ ತಮಿಳುನಾಡಿನ ಏರ್ವಾಡಿ ದರ್ಗಾದ ಬಳಿ 2001ರ ಆಗಸ್ಟ್ 6ರಂದು ನಡೆದದ್ದು ಈ ಮಾತಿನ ಇನ್ನೊಂದು ಮುಖ. ಗುಣವಾಗಲೆಂದು ಕರೆತಂದವರನ್ನು ಇರಿಸಿಕೊಳ್ಳುತ್ತಿದ್ದ ಖಾಸಗಿ ಆಶ್ರಯಮನೆಯೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ಕಾರಣ ಓಡಲಾಗದೆ 28 ಜನ ಸತ್ತರು. ದೇಶವೇ ತಲೆ ತಗ್ಗಿಸಿದ ದಿನ ಅದು. ಮಾನಸಿಕ ರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸಂಪೂರ್ಣ ನಿಷೇಧಿಸಿದೆ.

ಸರಪಳಿಯಿಲ್ಲದ ಹಾನಿಗಳೂ ಇವೆ, ಅವು ಹೆಚ್ಚು ಸಾಮಾನ್ಯ. ಮಂಕಾಗಿ ಕೂತ ಮಗಳಿಗೆ ದೆವ್ವ ಬಡಿದಿದೆ ಎಂದು ಬೇವಿನ ಬರಲಿನಿಂದ ಹೊಡೆಸುವುದು, ಮೆಣಸಿನಕಾಯಿ ಹೊಗೆ ಹಾಕುವುದು ಚಿಕಿತ್ಸೆಯಲ್ಲ, ಹಿಂಸೆ. ಮಾಟ ತೆಗೆಯುವವರಿಗೆ, ಯಂತ್ರ ಬರೆಯುವವರಿಗೆ ಸಾಲ ಮಾಡಿ ಹಣ ಕೊಟ್ಟರೆ ಖಿನ್ನತೆಗೆ ಕಾರಣವಾಗಿದ್ದ ಸಾಲಕ್ಕೆ ಇನ್ನೊಂದು ಸಾಲ ಸೇರುತ್ತದೆ. ಹಿಂದಿನ ಜನ್ಮದ ಕರ್ಮ, ಹಿರಿಯರ ಶಾಪ, ಮಡಿ ತಪ್ಪಿದ ದೋಷ ಎಂದು ಹೇಳಿದರೆ, ಮೊದಲೇ ತಪ್ಪಿತಸ್ಥ ಭಾವದಲ್ಲಿ ಮುಳುಗಿದವರು ಇನ್ನೂ ಆಳಕ್ಕೆ ಇಳಿಯುತ್ತಾರೆ. ತೀವ್ರ ಖಿನ್ನತೆಯಲ್ಲಿ ಪ್ರಾರ್ಥಿಸುವ ಶಕ್ತಿಯೂ ಹೋಗುತ್ತದೆ. ದೇವರ ಮುಂದೆ ಕೂತರೂ ಏನೂ ಅನಿಸುವುದಿಲ್ಲ. ಅದು ಕಾಯಿಲೆಯ ಲಕ್ಷಣ, ಹಸಿವು ಸತ್ತ ಹಾಗೆ ಭಾವವೂ ಸತ್ತಿರುತ್ತದೆ. ಅಂಥವರಿಗೆ ಮನಸ್ಸಿಟ್ಟು ಪೂಜೆ ಮಾಡು, ಎಲ್ಲ ಸರಿಹೋಗುತ್ತದೆ ಎಂದು ಒತ್ತಾಯಿಸಿದರೆ ದೇವರಿಗೂ ತಾನು ಬೇಡವಾದೆ ಎಂದುಕೊಳ್ಳುತ್ತಾರೆ. ಆ ಹೊತ್ತಿಗೆ ಮನೆಯವರೇ ಅವರ ಪರವಾಗಿ ದೀಪ ಹಚ್ಚಿದರೆ ಸಾಕು, ರೋಗಿಯನ್ನು ಕರೆದೊಯ್ಯಬೇಕಾದದ್ದು ವೈದ್ಯರಲ್ಲಿಗೆ.

ಉಪವಾಸ ಮತ್ತು ರೋಜಾದ ವಿಷಯವನ್ನೂ ವೈದ್ಯರೊಡನೆ ಮೊದಲೇ ಮಾತಾಡಬೇಕು. ಮಾತ್ರೆಯ ಹೊತ್ತನ್ನು ಹೆಚ್ಚಿನ ಸಂದರ್ಭಗಳಲ್ಲಿ ಬದಲಿಸಿಕೊಡಲು ಬರುತ್ತದೆ. ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ನೀರು ಬಿಟ್ಟರೆ ರಕ್ತದಲ್ಲಿ ಅದರ ಪ್ರಮಾಣ ಏರಿ ಅಪಾಯವಾಗಬಹುದು.

ಚಿಕಿತ್ಸೆಯ ದಾರಿ ಜನ ಅಂದುಕೊಂಡಷ್ಟು ದೂರವಿಲ್ಲ. ಧಾರವಾಡದ ಮಾನಸಿಕ ಆಸ್ಪತ್ರೆ ಬ್ರಿಟಿಷರ ಕಾಲದಲ್ಲಿ, 1845ರಲ್ಲಿ ಆರಂಭವಾದದ್ದು. ಇಂದು ಅದು ಡಿಮ್ಹಾನ್ಸ್ ಎಂಬ ಹೆಸರಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪಿಸುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. ಅದೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆ ಕಾರ್ಯಕ್ರಮದ ಮನೋವೈದ್ಯರು ಜಿಲ್ಲಾಸ್ಪತ್ರೆಯಲ್ಲಿ ಸಿಗುತ್ತಾರೆ. ಮನೋಚೈತನ್ಯ ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯದ ತಪಾಸಣೆ ನಡೆಸುವ ವ್ಯವಸ್ಥೆಯನ್ನೂ ರಾಜ್ಯ ಸರ್ಕಾರ ಮಾಡಿದೆ. ಯಾರಲ್ಲಿಗೆ, ಯಾವ ದಿನ ಹೋಗಬೇಕೆಂಬುದನ್ನು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿಯಬಹುದು.

ಲಘು ಖಿನ್ನತೆಗೆ ಮಾತ್ರೆಯೇ ಬೇಕೆಂದಿಲ್ಲ. ಮಾತಿನ ಚಿಕಿತ್ಸೆ, ನಡಿಗೆ, ಕೂಟ, ಭಜನೆ, ಕುಡಿತ ಬಿಡುವುದು ಇವುಗಳಿಂದಲೇ ಅನೇಕರು ಮೇಲೇಳುತ್ತಾರೆ. ಮಧ್ಯಮ ಮತ್ತು ತೀವ್ರ ಖಿನ್ನತೆಗೆ ಮಾತ್ರೆ ಬೇಕಾಗುತ್ತದೆ. ಫ್ಲುಆಕ್ಸೆಟಿನ್, ಎಸ್ಸಿಟಲೋಪ್ರಾಮ್‌ನಂಥ ಮಾತ್ರೆಗಳು ದುಬಾರಿಯಲ್ಲ, ಚಟ ಹಿಡಿಸುವಂಥವೂ ಅಲ್ಲ. ಅವುಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಿದಂತಾಗುತ್ತದೆ ಎಂದು ಬಿಟ್ಟುಬಿಡುವವರು ಬಹಳ. ಅಲ್ಲಿಂದ ಮುಂದೆ ತಾಳಿಕೊಂಡರೆ ಫಲ ಸಿಗುತ್ತದೆ. ಪೂರ್ತಿ ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ನಿಲ್ಲಿಸುವುದಾದರೆ ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಜಾತ್ರೆಯಲ್ಲಿ ಹರಕೆ ತೀರಿಸಿ ಬಂದ ದಿನ, ಇನ್ನು ದೇವರೇ ನೋಡಿಕೊಳ್ಳುತ್ತಾನೆ ಎಂದು ಮಾತ್ರೆ ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಕಾಯಿಲೆ ಮರಳಿ ಬರುವ ಸಂಭವ ಹೆಚ್ಚು.

ಮಠ, ದರ್ಗಾಗಳು ಆಸ್ಪತ್ರೆಯ ಜೊತೆ ಕೈಜೋಡಿಸಿದ ಉದಾಹರಣೆ ದೇಶದಲ್ಲಿದೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ದವಾ-ದುವಾ ಎಂಬ ಹೆಸರಿನಲ್ಲಿ ಮದ್ದು ಮತ್ತು ಪ್ರಾರ್ಥನೆ ಎರಡನ್ನೂ ಒಂದೇ ಆವರಣದಲ್ಲಿ ಕೊಡುವ ಕೆಲಸ ನಡೆದಿದೆ. ದರ್ಗಾದ ಮುಜಾವರರಿಗೆ ಕಾಯಿಲೆಯ ಗುರುತು ಹೇಳಿಕೊಟ್ಟು, ಅವರಿಂದಲೇ ಭಕ್ತರನ್ನು ವೈದ್ಯರ ಬಳಿಗೆ ಕಳಿಸಲಾಯಿತು. ವೈದ್ಯರು ಹೇಳಿದರೆ ಹೋಗದವರು ಮುಜಾವರರ ಮಾತಿಗೆ ಒಪ್ಪಿ ಹೋದರು. ಕಾಗಿನೆಲೆ, ಹುಲಗೂರು, ಶಿಶುವಿನಹಾಳಗಳಂಥ ಕಡೆ ಇಂಥದನ್ನು ಮಾಡಲು ದೊಡ್ಡ ಕಟ್ಟಡ ಬೇಕಿಲ್ಲ. ಪ್ರಸಾದ ಕೊಡುವ ಕೈಯೇ ಮಾತ್ರೆ ತಪ್ಪಿಸಬೇಡಿ ಎಂದು ಹೇಳಿದರೆ ಆ ಮಾತಿಗೆ ಬರುವ ತೂಕ ಸರ್ಕಾರದ ಭಿತ್ತಿಪತ್ರಕ್ಕೆ ಬಾರದು.

ಕೆಲವು ಗುರುತುಗಳು ಕಂಡಾಗ ಯಾವ ಕಾರಣಕ್ಕೂ ಕಾಯಬಾರದು. ಸಾಯುವ ಮಾತಾಡುವುದು, ಇದ್ದಕ್ಕಿದ್ದಂತೆ ಲೆಕ್ಕ ಚುಕ್ತಾ ಮಾಡುವುದು, ಒಡವೆ ವಸ್ತುಗಳನ್ನು ಹಂಚಿಬಿಡುವುದು, ಅನ್ನ ನೀರು ಬಿಡುವುದು, ಕಿವಿಯಲ್ಲಿ ಯಾರೋ ಬೈಯುವ ದನಿ ಕೇಳಿಸುವುದು, ಬಾಣಂತಿ ಮಗುವನ್ನು ದೂರ ತಳ್ಳುವುದು ಇವೆಲ್ಲ ತುರ್ತಿನ ಗುರುತುಗಳು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಅಂಥವರನ್ನು ಒಂಟಿಯಾಗಿ ಬಿಡಬಾರದು. ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಗಳನ್ನು ಮನೆಯಿಂದ ಹೊರಗೆ, ಬೇರೆಯವರ ವಶದಲ್ಲಿ ಬೀಗ ಹಾಕಿ ಇಡಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿಗೆ ಕರೆ ಮಾಡಿದರೂ ಹಣ ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರೋಗಿ ಮಾತಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಮನೆಯವರು, ನೆರೆಯವರು, ಭಜನಾ ಮೇಳದ ಜೊತೆಗಾರರು ಯಾರೇ ಆದರೂ ಅವರ ಪರವಾಗಿ ಕರೆ ಮಾಡಿ ಮುಂದೇನು ಮಾಡಬೇಕೆಂದು ಕೇಳಬಹುದು.